ಅಂಟುರೋಗ

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪುಟ್ಟಸಿದ್ದಮ್ಮನ ತಲೆಯಿಂದ ಹೊಟ್ಟು ಉದುರುತ್ತಿತ್ತು, ಕೂದಲೂ ಉದುರಿ ಅಲ್ಲಲ್ಲಿ ಬುರುಡೆ ಕಾಣುತ್ತಿತ್ತು. ಮಕ್ಕಳು ತಟ್ಟೆ ಮುಟ್ಟುತ್ತಿಲ್ಲವೆಂದು ಹೆಡ್‌ಮಾಸ್ತರರು ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿದರು.

"ಅಂಟುರೋಗ ಅಲ್ಲ ಅಂತ ಡಾಕ್ಟರ ಹತ್ರ ಬರೆಸ್ಕೊಂಡ್ ಬಾ. ಅವತ್ತೇ ಸೌಟು ಹಿಡಿ."

ಡಾಕ್ಟರಮ್ಮ ಕೂದಲು ಬಿಡಿಸಿ ಬೆಳ್ಳಗಿನ ಪೊರೆ ನೋಡಿದರು, ಉಗುರಿನ ಮೇಲಿನ ಸಣ್ಣ ಗುಳಿಗಳನ್ನೂ ನೋಡಿದರು.

"ಇದು ಸೋರಿಯಾಸಿಸ್ ಕಣಮ್ಮ. ಯಾರಿಗೂ ಅಂಟಲ್ಲ. ಮದ್ದು ಹಚ್ಚು, ಕೂದ್ಲು ಮತ್ತೆ ಬರುತ್ತೆ."

ಪುಟ್ಟಸಿದ್ದಮ್ಮ ಚೀಟಿಯನ್ನು ಎದೆಗವಚಿಕೊಂಡು ಓಡಿಬಂದಳು. ಹೆಡ್‌ಮಾಸ್ತರರು ಎರಡು ಸಲ ಓದಿ ಬೆವರು ಒರೆಸಿಕೊಂಡರು.

"ಒಲೆ ಹಚ್ಲಾ, ಸಾ?"

"ಅಯ್ಯೋ ಪುಣ್ಯಾತ್ಗಿತ್ತಿ, ರೋಗ ಅಂತ ಆಫೀಸಿಗೆ ಬರೆದಿದ್ದೆ. ಈಗ ಮಕ್ಕಳು ಉಣ್ಣದೆ ಇರೋದಕ್ಕೆ ನಿನ್ನ ಜಾತಿ ಅಂತ ಬರೀಲಾ?"