ಏಳನೇ ಮೆಟ್ಟಿಲು

ವೈರಸ್ ಜ್ವರಕ್ಕೆ ಐಸಿಯು ಸೇರಿ ಬದುಕಿ ಬಂದವರಿಗೆ ಇಬ್ಬರಿಗೊಂದರಂತೆ ಉಸಿರು ಹಂಚಿದ್ದಾರೆ. ಶಹಾಪುರದ ನೀಲಮ್ಮ ತನ್ನ ಪಾಲುದಾರನನ್ನು ನೋಡಿಲ್ಲ. ಮೂರು ವರ್ಷದಿಂದ ಒಂದು ದಿನವೂ ತಪ್ಪದೆ ಅವನು ಸಂಜೆ ಐದಕ್ಕೆ ನಡೆಯಲು ಹೊರಡುತ್ತಾನೆ. ಅವನು ನಡೆದಷ್ಟು ಹೊತ್ತೂ ಇಲ್ಲಿ ಇವಳಿಗೆ ಏದುಸಿರು. ಮಾಳಿಗೆಯಿಂದ ಬಟ್ಟೆ ತರಲು ಹೊರಟವಳು ಏಳನೇ ಮೆಟ್ಟಿಲ ಮೇಲೆ ಕೂತು, "ಲಗು ಮನಿ ಸೇರೋ ತಮ್ಮಾ" ಎಂದು ಗೊಣಗುತ್ತಾಳೆ.

ಇವತ್ತು ತಪಾಸಣೆಗೆ ನರ್ಸ್ ಬಂದಾಗ ಐದೂ ಹತ್ತು.

"ಮೆಟ್ಟಿಲು ಹತ್ರಿ, ನೋಡೂಣು."

"ಅವ ಅಡ್ಡಾಡೂ ಹೊತ್ತವ್ವಾ. ನಡುವ ಕೂಡಬೇಕಾಗ್ತದ."

ಆದರೆ ನೀಲಮ್ಮ ಎಲ್ಲೂ ನಿಲ್ಲದೆ ಮಾಳಿಗೆ ಮುಟ್ಟಿದಳು.

"ಭಾಳ ಸುಧಾರಿಸೀರಿ!" ನರ್ಸ್ ಫಾರಂನಲ್ಲಿ 'ಉತ್ತಮ' ಎಂದು ಬರೆದುಕೊಂಡು ಹೋದಳು.

ನೀಲಮ್ಮ ಇಳಿದು ಬಂದು ಏಳನೇ ಮೆಟ್ಟಿಲ ಮೇಲೆ ಕೂತಳು. ಉಸಿರು ಸಲೀಸಾಗಿ ಆಡುತ್ತಿತ್ತು.

"ಹೊರಡೋ ತಮ್ಮಾ," ಎಂದಳು, "ಹೊತ್ತಾತು."