ಏಳನೇ ಪ್ಯಾರಾಕ್ಕೆ ಗೆರೆ

ವಕೀಲರ ಗುಮಾಸ್ತ ಕಕ್ಷಿದಾರರ ವಿಷಯವನ್ನು ಹೊರಗೆ ಆಡಬಾರದು. ಅಷ್ಟು ನನಗೂ ಗೊತ್ತು. ಆದರೂ ಹೇಳಲು ಹೊರಟಿದ್ದೇನೆ, ತಪ್ಪಾದರೆ ಕ್ಷಮಿಸಬೇಕು.

ಬಾಲಮ್ಮನ ದಾವೆಯಿಂದ ಏಳನೇ ಪ್ಯಾರಾವನ್ನು ತೆಗೆದುಹಾಕಬೇಕೆಂದು ಪಾಲಿಕೆಯ ವಕೀಲರು ಅರ್ಜಿ ಹಾಕಿದ್ದರು. ಆಕೆಯ ಗಂಡ ಪೀರಪ್ಪ ಮರ್ಫಿ ಟೌನ್‌ನಲ್ಲಿ ಒಂದು ಮಳೆಯ ದಿನ ಮನೆಯೆದುರಿನ ತೆರೆದ ಚರಂಡಿಗೆ ಬಿದ್ದವನು ಸಿಗಲೇ ಇಲ್ಲ. ವಾರದೊಳಗೆ ಚರಂಡಿಗೆ ಚಪ್ಪಡಿ ಹಾಸಿ ಸಿಮೆಂಟು ಬಳಿದರು. ಪರಿಹಾರದ ಭಾಗ ಬೇಕಾದರೆ ಇರಲಿ, ಏಳನೆಯದು ಬೇಡ ಎಂಬುದು ಪಾಲಿಕೆಯ ವಾದ. ಅದರಲ್ಲಿದ್ದದ್ದು ಇಷ್ಟು: ಚಪ್ಪಡಿಯ ಅಡಿಯಿಂದ ದಿನವೂ ಸದ್ದು ಬರುತ್ತದೆ. ಎರಡು ಬಡಿತ, ಸ್ವಲ್ಪ ತಡೆದು ಇನ್ನೊಂದು. ತಡವಾಗಿ ಬಂದಾಗ ಮನೆ ಓನರಿಗೆ ಎಚ್ಚರವಾಗದಿರಲೆಂದು ಗಂಡ ಬಾಗಿಲು ತಟ್ಟುತ್ತಿದ್ದದ್ದು ಹಾಗೆಯೇ. ಆದ್ದರಿಂದ ಚಪ್ಪಡಿ ತೆಗೆಸಬೇಕು.

ವಿಚಾರಣೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ನಮ್ಮ ವಕೀಲೆ ಹೇಮಶ್ರೀ ಮೇಡಂ ನನ್ನನ್ನು ನಿಲ್ಲಿಸಿದರು.

“ಸುಗತ, ನೀನು ಸ್ಪಾಟ್‌ಗೆ ಹೋಗಿದ್ದೆ ಅಲ್ವಾ? ಏನಾದ್ರೂ ಕೇಳಿಸ್ತಾ? ನೀನೊಂದು ಅಫಿಡವಿಟ್ ಕೊಟ್ರೆ ನಾನು ಫೈಟ್ ಮಾಡ್ತೀನಿ. ಇಲ್ದಿದ್ರೆ ಜಡ್ಜ್ ಮುಂದೆ ನಗೆಪಾಟಲಾಗ್ತೀನಿ, ಅಷ್ಟೆ.”

“ನೀರಿನ ಸದ್ದು ಮೇಡಂ,” ಎಂದೆ.

ನಾನು ಹೋಗಿದ್ದು ಮಟಮಟ ಮಧ್ಯಾಹ್ನ. ಮಂಡಿಯೂರಿ ಚಪ್ಪಡಿಗೆ ಕಿವಿ ಇಟ್ಟಿದ್ದೆ. ಎರಡು ಬಡಿತ. ತಡೆದು, ಒಂದು. ಆದರೆ ಅದನ್ನು ಪ್ರಮಾಣ ಮಾಡಿ ಬರೆದು, ಕೆಳಗೆ ನನ್ನ ಹೆಸರು ಹಾಕಲು ನಾನು ತಯಾರಿರಲಿಲ್ಲ.

ಪಾಲಿಕೆಯ ಅರ್ಜಿ ಮಂಜೂರಾಯಿತು. ಅಂಥ ಆದೇಶವಾದಾಗ ಮೂಲ ದಾವೆಯಲ್ಲಿ ಕೆಂಪು ಶಾಯಿಯ ಗೆರೆ ಹೊಡೆಯಬೇಕಾದವರು ನಾವೇ. ಹದಿನಾಲ್ಕು ದಿನ ಸಮಯವಿತ್ತು. ಕೆಲಸ ಬಾಕಿ ಉಳಿದರೆ ನನಗೆ ಊಟ ಸೇರುವುದಿಲ್ಲ; ಮರುದಿನವೇ ಹೋದೆ. ಕೋರ್ಟಿನ ಗುಮಾಸ್ತ ಅಸ್ಗರ್ ಸಾಹೇಬರು ಫೈಲು ಮುಂದಿಟ್ಟು ನಕ್ಕರು.

“ಏನ್ರೀ, ಸ್ಕೇಲ್ ಇಟ್ಟು ಎಳೀತೀರಾ? ಎಸ್ಸೆಸ್ಸೆಲ್ಸಿ ಪರೀಕ್ಷೇನಾ ಇದು?”

ಒಂದೊಂದೇ ಸಾಲಿಗೆ ನೇರವಾಗಿ ಗೆರೆ ಎಳೆದೆ. ಪಕ್ಕದಲ್ಲಿ ದಿನಾಂಕದ ಜೊತೆ, ಯಾರೂ ಬರೆಯದ ಸಮಯವನ್ನೂ ಬರೆದೆ: ಹನ್ನೊಂದು ಇಪ್ಪತ್ತು.

ಮಧ್ಯಾಹ್ನ ಶಿವಾಜಿನಗರದ ನಮ್ಮ ಕಚೇರಿಗೆ ವಾಪಸಾದಾಗ ಬಾಲಮ್ಮ ಬಾಗಿಲಲ್ಲೇ ಕೂತಿದ್ದಳು.

“ಅಣ್ಣಾರ, ಸದ್ದು ನಿಂತದ್ರಿ.”

“ಯಾವಾಗಮ್ಮ?”

“ಇವತ್ತು ಮುಂಜಾನಿ. ರೊಟ್ಟಿ ಬಡಿಲಿಕತ್ತಿದ್ದೆ. ಎರಡು ಸಲ ಬಡಿದ. ಮೂರನೇದು ಈಗ ಬರ್ತದ, ಈಗ ಬರ್ತದ ಅಂತ ಕೈ ಹಿಡದು ಕುಂತೆ. ಬರ್ಲೇ ಇಲ್ಲ. ಮೊಬೈಲ್ ನೋಡಿದ್ರ ಹನ್ನೊಂದು ಇಪ್ಪತ್ತು.” ನನ್ನ ಮುಖವನ್ನೇ ನೋಡಿದಳು. “ಆ ಹೊತ್ತಿಗಿ ಕೋರ್ಟಿನಾಗ ಏನರ ಆಯ್ತೇನ್ರಿ?”

ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ಕೈಯಿಂದ ಮುಚ್ಚಿಕೊಂಡೆ. “ಏನೂ ಇಲ್ಲಮ್ಮ,” ಎಂದೆ.

ಸಂಜೆ ಮರ್ಫಿ ಟೌನ್‌ಗೆ ಹೋಗಿ, ಜನ ನೋಡುತ್ತಿದ್ದರೂ ಮತ್ತೆ ಮಂಡಿಯೂರಿ ಕಿವಿ ಇಟ್ಟೆ. ಬಡಿತ ಇರಲಿಲ್ಲ. ಮೊದಲ ಸಲ ನಾನು ಕೇಳಿಸಿಕೊಂಡದ್ದು ಏನೆಂದು ನನಗೆ ಈಗಲೂ ಗೊತ್ತಿಲ್ಲ. ನೀರಂತೂ ಇನ್ನೂ ಹರಿಯುತ್ತಲೇ ಇದೆ.