ಕೊನೆಗೆ ಹೊರಟವರ ಸಹಿ

ಪ್ರೊಫೆಸರ್ ಸ್ಕೇಲ್ ಒತ್ತಿಹಿಡಿದು, ರಿಜಿಸ್ಟರಿನ ಹಾಳೆಯನ್ನು ಸದ್ದಾಗದಂತೆ ಹರಿದರು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವರು ಮಾಡಿದ ಮೊದಲ ಕಳ್ಳತನ ಅದು.

ಬೆಳಗಿನ ಎಂಟು ಗಂಟೆ. ರಸಾಯನಶಾಸ್ತ್ರ ವಿಭಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಸುಟ್ಟ ಪ್ರಯೋಗಶಾಲೆಯ ವಾಸನೆ ಮೂರು ದಿನವಾದರೂ ಕಾರಿಡಾರ್ ಬಿಟ್ಟು ಹೋಗಿರಲಿಲ್ಲ. ಪ್ರಯೋಗಶಾಲೆಯಿಂದ ಹೊರಡುವಾಗ ಸಹಿ ಮಾಡುವ ಆ ಹಾಳೆಯಲ್ಲಿ ಇದ್ದದ್ದು ಎರಡೇ ಹೆಸರು. ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ: ಅವರು ಮತ್ತು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಮಗಳು. ಬೆಂಕಿ ಬಿದ್ದ ದಿನದ ಸಾಲಿನಲ್ಲಿ ಮೊದಲು ಅವರ ಸಹಿ. ಅದರ ಕೆಳಗೆ, ಗಡಿಬಿಡಿಯಲ್ಲಿ ಗೀಚಿದಂತೆ, ಮಗಳದು.

ಅವರು ಹೊಸ ಹಾಳೆಗೆ ಎಲ್ಲವನ್ನೂ ಇಳಿಸಿದರು. ಮಗಳ ಆ ಒಂದು ಸಹಿಯನ್ನು ಮಾತ್ರ ಬಿಟ್ಟರು.

ಬೆಂಕಿ ಬಿದ್ದ ಸಂಜೆ ಮಗಳು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದ್ದಳು: "ಅಪ್ಪಾ, ಈಥರ್ ಕಾಯಿಸ್ತಿದ್ದ ಹೀಟರ್ ಆರಿಸದೆ ಬಂದವಳು ನಾನೇ." ಅಷ್ಟು ಹೇಳಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಪ್ರಯೋಗಶಾಲೆಯ ಅಟೆಂಡರ್ ಒಳಗೆ ಕಾಲಿಟ್ಟಾಗಲೇ ಫ್ಲಾಸ್ಕ್ ಸಿಡಿದಿತ್ತು. ಅವನ ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು. ಚಮಚ ಬಿದ್ದರೂ ರೇಗುವ ಹೆಂಡತಿ ಅಂದು ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಪ್ರೊಫೆಸರ್ ಮುಂದಿನದನ್ನು ಲೆಕ್ಕ ಹಾಕಿದರು. ತಪ್ಪು ಸಾಬೀತಾದರೆ ಮಗಳನ್ನು ಹೊರಗೆ ಹಾಕುತ್ತಾರೆ. ಇನ್ನು ಯಾವ ಪ್ರಯೋಗಶಾಲೆಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ. ಅವರ ಜಗತ್ತಿನಲ್ಲಿ ಇದ್ದದ್ದು ಎರಡೇ ಕೋಣೆ, ಮನೆಯ ನಡುಮನೆ ಮತ್ತು ಆ ಪ್ರಯೋಗಶಾಲೆ. ಹೋದ ವರ್ಷದ ಕೊನೆಗೆ ಮಗಳು ತನ್ನ ಹಳೆಯ ವಿಷಯ ಬಿಟ್ಟು ಅವರ ಕೋಣೆಗೇ ಬಂದು ಸೇರಿಕೊಂಡಾಗ ಅವರು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಅಂದಿನಿಂದ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಹೆಂಡತಿ, "ನನಗೂ ನಡಿಗೆ ಬೇಕು ಕಣ್ರೀ," ಎನ್ನುತ್ತ ದಿನವೂ ಕಾಲೇಜಿನ ಗೇಟಿನವರೆಗೆ ಜೊತೆಗೆ ಬರುತ್ತಿದ್ದಳು. ವಿದ್ಯಾರ್ಥಿಗಳಂತೂ ಭಲೇ ಚುರುಕು. ಹೊಸ ಪಾಠಕ್ಕೆ ಅವರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು.

ಹನ್ನೊಂದಕ್ಕೆ ವಿಚಾರಣೆ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಮಗಳು ಅವರ ತೋಳು ಹಿಡಿದಳು.

"ಅಪ್ಪಾ, ನಾನು ಬರೆದು ಕೊಟ್ಟಾಗಿದೆ. ದಮ್ಮಯ್ಯ, ನೀನು ಒಳಗೆ ಹೋಗಿ ಏನೂ ಹೇಳ್ಬೇಡ."

"ಸುಮ್ನಿರು ಮಗಳೇ. ಅಪ್ಪ ಇರೋದು ಯಾತಕ್ಕೆ?"

"ನಿನಗೆ ಗೊತ್ತಾಗಲ್ಲ ಅಪ್ಪಾ..."

ಅವರು ತೋಳು ಬಿಡಿಸಿಕೊಂಡು ಒಳಗೆ ನಡೆದರು.

ಮೇಜಿನ ಆಚೆ ನಾಲ್ವರು ಕೂತಿದ್ದರು. ಪ್ರಿನ್ಸಿಪಾಲರ ಮುಂದೆ ಮಗಳ ಪತ್ರ ಇತ್ತು. ಪ್ರೊಫೆಸರ್ ಅದರ ಮೇಲೆ ರಿಜಿಸ್ಟರ್ ಇಟ್ಟರು.

"ಅವಳ ಪತ್ರ ಸುಳ್ಳು. ನನ್ನನ್ನ ಉಳಿಸೋಕೆ ಬರೆದಿದ್ದಾಳೆ. ಕೊನೆಗೆ ಹೊರಟವನು ನಾನು."

"ಅವತ್ತು ಏನಾಯ್ತು ಅಂತ ಹೇಳ್ತೀರಾ ಸರ್?"

ಈ ಪ್ರಶ್ನೆಗೆ ಅವರು ತಯಾರಾಗಿ ಬಂದಿರಲಿಲ್ಲ. ಆದರೆ ಬಾಯಿ ತೆರೆದದ್ದೇ ತಡ, ಸುಳ್ಳು ತಾನಾಗಿ ಹರಿಯಿತು. ಐದಕ್ಕೆ ಕಾಲು ಗಂಟೆ ಇರುವಾಗ ಫ್ಲಾಸ್ಕನ್ನು ಹೀಟರಿನ ಮೇಲೆ ಇಟ್ಟೆ. ಕಾರ್ಕು ಸಡಿಲ ಇತ್ತು, ಕರವಸ್ತ್ರ ಸುತ್ತಿ ಒತ್ತಿದೆ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. ಮಾತಾಡುತ್ತ ಹೊರಗೆ ಬಂದವನು ಹಾಗೇ ಹೊರಟುಹೋದೆ. ಹೇಳುತ್ತ ಹೇಳುತ್ತ ಆ ನೀಲಿ ಕರವಸ್ತ್ರ ಅವರ ಕಣ್ಣಿಗೇ ಕಟ್ಟಿತು. ಇಷ್ಟು ವರ್ಷ ಪಾಠ ಹೇಳಿದವನೊಳಗೆ ಇಂಥ ಕತೆಗಾರ ಎಲ್ಲಿ ಅಡಗಿದ್ದ ಎಂದು ಅವರಿಗೇ ಬೆರಗಾಯಿತು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಬಿಳಿ ಹಾಳೆ ಮುಂದೆ ಸರಿಸಿದರು. ಪ್ರೊಫೆಸರ್ ನಿಂತೇ ರಾಜೀನಾಮೆ ಬರೆದರು. ತಾರೀಖು ಯಾವುದೆಂದು ಪಕ್ಕದವರನ್ನು ಕೇಳಬೇಕಾಯಿತು.

ಹೊರಗೆ ಬಂದಾಗ ಮಗಳು ನೆಲದ ಮೇಲೆ ಕುಸಿದು ಕೂತಿದ್ದಳು. ಗೇಟಿನಿಂದ ಒಳಗೆ ಬಂದಿದ್ದ ತಾಯಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಇಬ್ಬರೂ ಬಿಕ್ಕುತ್ತಿದ್ದರು. "ಎಲ್ಲ ಮುಗೀತು, ಏಳಿ," ಎಂದರು ಅವರು. ಎದೆಯ ಮೇಲಿನ ಕಲ್ಲು ಇಳಿದಂತಿತ್ತು. ಇನ್ನು ಒಂದೇ ಕೆಲಸ ಉಳಿದಿತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ಅಟೆಂಡರ್ ದಿಂಬಿಗೆ ಒರಗಿ ಕೂತಿದ್ದ. ಎರಡು ಕೈಗೂ ದಪ್ಪ ಬ್ಯಾಂಡೇಜು. ಬಲಗೈಯ ಎರಡು ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇಪ್ಪತ್ತು ವರ್ಷ ಅವರ ಗಾಜಿನ ಸಾಮಾನು ತೊಳೆದ ಕೈ. ಪ್ರೊಫೆಸರ್ ಮಂಚದ ಅಂಚಿನಲ್ಲಿ ಕೂತರು. ಮಗಳಿಗೆ ಇವನ ಶಾಪ ತಟ್ಟಬಾರದು. ಇವನಿಗೂ ಆ ಸುಳ್ಳನ್ನೇ ಹೇಳಬೇಕಿತ್ತು.

"ನೋಡಯ್ಯ, ಆ ಹೀಟರ್ ಹಾಗೇ ಬಿಟ್ಟು ಬಂದವನು ನಾನು. ಎಲ್ಲರ ಮುಂದೆ ಒಪ್ಪಿಕೊಂಡು ಬಂದೆ. ಬೈಯೋದಿದ್ರೆ ನನ್ನನ್ನೇ ಬೈ."

ಅಟೆಂಡರ್ ಅವರ ಮುಖವನ್ನೇ ನೋಡಿದ. ಅವನ ಕಣ್ಣು ತುಂಬಿ ಬಂತು.

"ಅಂದ್ರೆ ನಿಮಗೇ ನೆನಪಾಯ್ತಾ ಸರ್? ನಿಮ್ಮ ಕಿವಿಗೆ ಬೀಳಬಾರದು ಅಂತ ಅಮ್ಮನೂ ಮಗಳೂ ನನ್ನ ಹತ್ರ ಮಾತು ತಗೊಂಡಿದ್ರು. ಆರು ತಿಂಗಳಿಂದ ದಿನಾ ನೀವು ಹೊರಟ ಮೇಲೆ ಅವಳೋ ನಾನೋ ಹೋಗಿ ಆರಿಸ್ತಾ ಇದ್ವಿ. ಅವತ್ತು ಅವಳು ಲೈಬ್ರರಿಯಲ್ಲಿದ್ಳು. ನಾನು ಹೋಗೋದು ಐದು ನಿಮಿಷ ತಡ ಆಗೋಯ್ತು. ನನ್ನನ್ನ ಕ್ಷಮಿಸಿಬಿಡಿ ಸರ್."

ಪ್ರೊಫೆಸರ್ ಮಂಚದಿಂದ ಎದ್ದು ನಿಂತರು.

"ಏನನ್ನ ಆರಿಸ್ತಾ ಇದ್ರಿ?"

"ನೀವು ಮರೆತು ಹೋಗ್ತಿದ್ದ ಹೀಟರನ್ನ, ಸರ್."